ಮಲಯಾಳಂ, ಮಂಗೋಲಿಯನ್, ನಡುವೆ ಕನ್ನಡ: ಎರಡು ಭಾಷೆ ಕಲಿತ ನನ್ನ ಅನುಭವ

ಕನ್ನಡಿಗರು ಮಲಯಾಳಂ ಕಲಿಯಲು ಕೂತರೆ ಪದಗಳು ಬೇಗ ಹತ್ತುತ್ತವೆ, ನಾಲಿಗೆ ಮಾತ್ರ ಹೊರಳುವುದಿಲ್ಲ. ಮಂಗೋಲಿಯನ್ ಕಲಿಯಲು ಕೂತರೆ ಇದು ತಿರುಗುಮುರುಗು. ಒಂದು ಪದವೂ ಗುರುತು ಸಿಗುವುದಿಲ್ಲ, ಆದರೆ ವಾಕ್ಯ ಕಟ್ಟುವ ರೀತಿ ಪೂರ್ತಿ ನಮ್ಮದೇ. ಎರಡನ್ನೂ ಕಲಿತ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಈ ಎರಡು ಭಾಷೆಗಳನ್ನೂ ಕನ್ನಡದ ಮೂಲಕವೇ ಕಲಿಯಬೇಕು. ನಡುವೆ ಇಂಗ್ಲಿಷ್ ತಂದುಕೊಂಡರೆ ಸುಲಭವಾದದ್ದೂ ಕಷ್ಟವಾಗುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಊರು ಶಿರಸಿ ಕಡೆ. ಮೊದಲು ಮಂಗಳೂರಿನಲ್ಲಿದ್ದೆ. ಅಲ್ಲಿ ಪಿಜಿಯಲ್ಲಿ ನನ್ನ ಜೊತೆ ಇದ್ದವರೆಲ್ಲ ಕಣ್ಣೂರು, ಪಯ್ಯನ್ನೂರು ಕಡೆಯ ನರ್ಸಿಂಗ್ ಹುಡುಗಿಯರು. ಮಲಯಾಳಂ ಅವರಿಂದ ಬಂತು. ಆಮೇಲೆ ಮುಂಡಗೋಡಿಗೆ ವರ್ಗವಾಯಿತು. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಡ್ರೆಪುಂಗ್ ಗೋಮಾಂಗ್ ಅನ್ನುವ ದೊಡ್ಡ ಮಠವಿದೆ. ಅದು ಟಿಬೆಟಿನ ಲಾಸಾದಲ್ಲಿದ್ದ ಕಾಲದಿಂದಲೂ ಮಂಗೋಲಿಯಾ, ರಷ್ಯಾದ ಬುರ್ಯಾತಿಯಾ, ಕಲ್ಮಿಕಿಯಾ ಕಡೆಯ ಭಿಕ್ಷುಗಳು ಓದಲು ಬರುತ್ತಿದ್ದದ್ದು ಗೋಮಾಂಗಿಗೇ. ಆ ರೂಢಿ ಉತ್ತರ ಕನ್ನಡಕ್ಕೂ ಬಂದಿದೆ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಿಂದ ಬಂದಿದ್ದ ಒಬ್ಬ ಚಿಕ್ಕ ವಯಸ್ಸಿನ ಲಾಮಾಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ ಆಡುವಷ್ಟು ಕನ್ನಡ ಬೇಕಿತ್ತು. ನನಗೆ ಅವರ ಭಾಷೆಯ ಬಗ್ಗೆ ಕುತೂಹಲ. ಭಾನುವಾರಗಳಲ್ಲಿ ಕೂತು ನಾನು ಕನ್ನಡ ಹೇಳಿಕೊಟ್ಟೆ, ಅವರು ಮಂಗೋಲಿಯನ್ ಹೇಳಿಕೊಟ್ಟರು. ನಡುವೆ ಹರಕುಮುರುಕು ಹಿಂದಿ.

ಮೊದಲು ಮಲಯಾಳಂ ವಿಷಯ ಹೇಳುತ್ತೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ತಳಪಾಯ ಅಲ್ಲೇ ಬಿತ್ತು.

ಪಿಜಿಯ ಹುಡುಗಿಯರ ಮಾತು ಕೇಳುತ್ತಾ ಕೇಳುತ್ತಾ ಒಂದು ವಿಷಯ ಕಿವಿಗೆ ಬಿತ್ತು. ನಾವು ಹಾಲು ಅಂದರೆ ಅವರು ಪಾಲ್. ನಮ್ಮ ಹಲ್ಲು ಅವರಿಗೆ ಪಲ್ಲ್, ಹುಲಿ ಪುಲಿ, ಹತ್ತು ಪತ್ತ್, ಹೋಗು ಪೋ. ಹಳೆಗನ್ನಡ ಓದಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಪಂಪನ ಕಾಲದ ಕನ್ನಡದಲ್ಲಿ ನಮಗೂ ಪಾಲ್, ಪುಲಿ, ಪತ್ತು ಇದ್ದವು. ಪದದ ಶುರುವಿನ ಪಕಾರ ಆಮೇಲೆ ನಿಧಾನಕ್ಕೆ ಹಕಾರವಾಯಿತು. ಮಲಯಾಳಂ ಅದನ್ನು ಹಾಗೇ ಉಳಿಸಿಕೊಂಡಿದೆ. ಇನ್ನೊಂದು ಕಡೆ ಬದಲಾದದ್ದು ಮಲಯಾಳಂ. ಇ, ಎ ಸ್ವರಗಳ ಮುಂದೆ ಬರುವ ನಮ್ಮ ಕಕಾರ ಅಲ್ಲಿ ಚಕಾರವಾಗಿದೆ. ಕಿವಿ ಚೆವಿ ಆಗುತ್ತದೆ, ಕೆರೆ ಚಿಱ (ಱ ಅಂದರೆ ಹಳೆಗನ್ನಡದ ಗಡಸು ರಕಾರ) ಆಗುತ್ತದೆ, ಕಿರಿಯ ಚೆಱಿಯ ಆಗುತ್ತದೆ. ಈ ಎರಡು ಸೂತ್ರ ತಲೆಯಲ್ಲಿ ಕೂತರೆ ಪದಗಳನ್ನು ಬಾಯಿಪಾಠ ಮಾಡುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಮೞ ಪೆಯ್ಯುನ್ನು ಅಂತ ಕೇಳಿದ ತಕ್ಷಣ ನನ್ನ ತಲೆಯಲ್ಲಿ ಮಳೆ ಹುಯ್ಯುತ್ತಿತ್ತು.

ನಮ್ಮ ಪುಣ್ಯಕ್ಕೆ ಇದಕ್ಕೆ ಒಳ್ಳೆಯ ಸಾಧನಗಳೂ ಇವೆ, ಅವೂ ಮಂಗಳೂರಿನವೇ. ಬಾಸೆಲ್ ಮಿಶನ್‌ನ ಹರ್ಮನ್ ಗುಂಡರ್ಟ್ ಮಾಡಿದ ಮಲಯಾಳಂ ನಿಘಂಟು 1872ರಲ್ಲಿ ಹೊರಬಂತು. ಅದೇ ಮಿಶನ್‌ನ ಕಿಟ್ಟೆಲ್ ಮಾಡಿದ ಕನ್ನಡ ನಿಘಂಟು 1894ರಲ್ಲಿ ಬಂತು. ಎರಡೂ ಅಚ್ಚಾದದ್ದು ಮಂಗಳೂರಿನಲ್ಲಿ. ಕಿಟ್ಟೆಲ್ ತನ್ನ ನಿಘಂಟಿನಲ್ಲಿ ಕನ್ನಡ ಪದದ ಜೊತೆಗೆ ತಮಿಳು, ತೆಲುಗು, ಮಲಯಾಳಂ ನೆಂಟರನ್ನೂ ಕೊಟ್ಟಿದ್ದಾರೆ. ಹೊಸ ಮಲಯಾಳಂ ಪದ ಸಿಕ್ಕಾಗಲೆಲ್ಲ ನಾನು ಕಿಟ್ಟೆಲ್ ತೆಗೆದು ಅದರ ಕನ್ನಡ ಅಣ್ಣನೋ ತಂಗಿಯೋ ಸಿಗುತ್ತಾರಾ ಅಂತ ಹುಡುಕುತ್ತಿದ್ದೆ. ಹಾಗೆ ಹುಡುಕಿದ ಪದ ಮತ್ತೆ ಮರೆಯುವುದಿಲ್ಲ.

ಉಚ್ಚಾರ ಮಾತ್ರ ಬೆವರಿಳಿಸುತ್ತದೆ. ಕುತ್ತಿ ಅಂದರೆ ಚುಚ್ಚಿದ. ಕುಟ್ಟಿ ಅಂದರೆ ಮಗು. ಇವೆರಡರ ನಡುವೆ ಮೂರನೆಯದೊಂದಿದೆ, ಕುಱ್ಱಿ, ಅಂದರೆ ಗೂಟ. ನಾಲಿಗೆ ಹಲ್ಲಿಗೂ ತಾಗಬಾರದು, ಹಿಂದಕ್ಕೂ ಮಡಚಬಾರದು. ಮೇಲಿನ ಹಲ್ಲಿನ ಬುಡದ ಒಸಡಿಗೆ ತಾಗಿ ಟಪ್ ಅಂತ ಬಿಡಬೇಕು. ಇಂಗ್ಲಿಷ್ ಮಾತಾಡುವವರ ಟಕಾರಕ್ಕೆ ಹತ್ತಿರದ ಸದ್ದು. ಬರೆಯುವುದು ಱಕಾರದ ಒತ್ತಿನಲ್ಲಿ. ನಾನು ಈ ಮೂರನ್ನು ಬಸ್ಸಿನಲ್ಲಿ ಹೋಗುವಾಗಲೂ ಹೇಳಿಕೊಳ್ಳುತ್ತಿದ್ದೆ. ನಕಾರದಲ್ಲೂ ಇದೇ ಕತೆ. ಎನ್ನಾಲ್ ಅಂತ ಒಂದೇ ರೀತಿ ಬರೆಯುತ್ತಾರೆ. ಹಲ್ಲಿಗೆ ತಾಗಿಸಿ ಹೇಳಿದರೆ 'ಹಾಗಾದರೆ', ಒಸಡಿಗೆ ತಾಗಿಸಿ ಹೇಳಿದರೆ 'ನನ್ನಿಂದ'.

ಇನ್ನು ೞ. ನಾವು ಕಳೆದುಕೊಂಡ ಅಕ್ಷರ. ಮಳೆ, ಬಾಳೆ, ಕೋಳಿ, ಏಳು, ಇವೆಲ್ಲ ಒಂದು ಕಾಲಕ್ಕೆ ನಮ್ಮಲ್ಲೂ ೞಕಾರದ ಪದಗಳೇ. 13ನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜ ಅದನ್ನು ರಳ ಅಂತ ಕರೆದು, ಅದು ಎಲ್ಲೆಲ್ಲಿ ಬರುತ್ತದೆ ಅಂತ ಪಟ್ಟಿ ಮಾಡಿಟ್ಟ. ಕನ್ನಡ ಅದನ್ನು ಳಕಾರದಲ್ಲಿ ಸೇರಿಸಿಬಿಟ್ಟಿತು. ಮಲಯಾಳಿಗಳ ಬಾಯಲ್ಲಿ ಅದು ಇವತ್ತೂ ಜೀವಂತ. ಮೞ, ವಾೞ, ಕೋೞಿ, ಏೞ್ ಅಂತ ಹೇಳುವಾಗ ನಾಲಿಗೆ ಮಡಚಿ ಎಲ್ಲಿಗೂ ತಾಗಿಸದೆ ಗಾಳಿ ಬಿಡಬೇಕು. ನನಗೆ ಇದನ್ನು ಕಲಿಯುವಾಗ ಆದಷ್ಟು ಖುಷಿ ಬೇರೆ ಯಾವುದರಲ್ಲೂ ಆಗಿಲ್ಲ. ಬೇರೆಯವರ ಭಾಷೆ ಕಲಿಯುತ್ತಾ ನಮ್ಮ ಭಾಷೆಯ ಹಳೆಯ ಸದ್ದು ಬಾಯಿಗೆ ಬಂದಿತ್ತು.

ಕೆಲವು ಪದಗಳ ವಿಷಯದಲ್ಲಿ ಹುಷಾರಾಗಿರಬೇಕು. ಅವಸರಂ ಅಂದರೆ ಅವಸರ ಅಲ್ಲ, ಅವಕಾಶ. ಮತಿ ಅಂದರೆ ಬುದ್ಧಿ ಅನ್ನುವುದಕ್ಕಿಂತ ಹೆಚ್ಚಾಗಿ 'ಸಾಕು'. ಊಟ ಬಡಿಸುವಾಗ ಮೊದಲು ಕಲಿಯಬೇಕಾದ ಪದ ಇದೇ.

ಈಗ ಮಂಗೋಲಿಯನ್.

ಕೇರಳದ ವಿಸ್ತೀರ್ಣ ಸುಮಾರು 39 ಸಾವಿರ ಚದರ ಕಿಲೋಮೀಟರ್. ಮಂಗೋಲಿಯಾ ಅದರ 40 ಪಟ್ಟು ದೊಡ್ಡದು. ಜನ ಮಾತ್ರ ಸುಮಾರು 35 ಲಕ್ಷ. ಮಲಯಾಳಂ ಮಾತಾಡುವವರೋ 2011ರ ಜನಗಣತಿಯ ಪ್ರಕಾರ ಭಾರತದಲ್ಲೇ 3.48 ಕೋಟಿ. ಚೀನಾದ ಒಳ ಮಂಗೋಲಿಯಾದಲ್ಲೂ ಮಂಗೋಲಿಯನ್ ಇದೆ. ಚೀನಾದಲ್ಲಿರುವ ಮಂಗೋಲರ ಸಂಖ್ಯೆ ಮಂಗೋಲಿಯಾ ದೇಶದವರಿಗಿಂತ ಜಾಸ್ತಿ. ನಾನು ಕಲಿತದ್ದು ಉಲಾನ್‌ಬಾತರ್ ಕಡೆಯ ಖಲ್ಖಾ ಅನ್ನುವ ಉಪಭಾಷೆ.

ನನ್ನ ಕೈಗೆ ಸಿಕ್ಕ ಮಂಗೋಲಿಯನ್ ಪುಸ್ತಕಗಳು ಇಂಗ್ಲಿಷಿನವು. ಅವುಗಳಲ್ಲಿ ಪುಟಗಟ್ಟಲೆ ವಿವರಣೆ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯ ಹಿಂದೆ ಅಂಟಿಕೊಳ್ಳುತ್ತದೆ, ಒಂದು ಕ್ರಿಯೆ ಮುಗಿಸಿ ಇನ್ನೊಂದು ಮಾಡಿದೆ ಅನ್ನಲು ವಿಶೇಷ ರೂಪ ಇದೆ, ಹೀಗೆ. ಓದುತ್ತಾ ಹೋದರೆ ಇದೇನೋ ಬಹಳ ವಿಚಿತ್ರ ಭಾಷೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿಟ್ಟು ಲಾಮಾ ಹೇಳಿದ ವಾಕ್ಯವನ್ನು ಕನ್ನಡದ ಕೆಳಗೆ ಬರೆದೆ. ಅವತ್ತಿನಿಂದ ದಾರಿ ಸಲೀಸಾಯಿತು.

ನೋಟ್‌ಬುಕ್ಕಿನ ಆ ಪುಟವನ್ನೇ ತೋರಿಸುತ್ತೇನೆ. ಕನ್ನಡದಲ್ಲಿ: ಅವನು ಬರ್ತೀನಿ ಅಂತ ಹೇಳಿದ. ಮಲಯಾಳಂ: ಅವನ್ ವರುಂ ಎನ್ನ್ ಪಱಞ್ಞು. ಮಂಗೋಲಿಯನ್: ತೆರ್ ಇರ್ನೆ ಗೆಜ್ ಖೆಲ್ಸೆನ್. ತೆರ್ ಅಂದರೆ ಅವನು, ಇರ್ನೆ ಅಂದರೆ ಬರುತ್ತೇನೆ, ಖೆಲ್ಸೆನ್ ಅಂದರೆ ಹೇಳಿದ. ನಡುವಿನ ಗೆಜ್ ನಮ್ಮ 'ಅಂತ'. ಪದಕ್ಕೆ ಪದ, ಜಾಗಕ್ಕೆ ಜಾಗ ಸರಿಯಾಗಿ ಕೂತಿದೆ. ಅಷ್ಟೇ ಅಲ್ಲ. ನಮ್ಮ ಅಂತ, ಎಂದು ಬಂದದ್ದು ಅನ್ನು, ಎನ್ನು ಧಾತುವಿನಿಂದ. ಮಲಯಾಳಂನ ಎನ್ನ್ ಕೂಡ ಅದೇ. ಮಂಗೋಲಿಯನ್ನಿನ ಗೆಜ್ ಬಂದದ್ದೂ ಗೆಖ್ ಅನ್ನುವ ಕ್ರಿಯಾಪದದಿಂದ. ಅದರ ಅರ್ಥವೂ ಅನ್ನು ಅಂತಲೇ. ಹೆಸರು ಹೇಳಿಕೊಳ್ಳುವಾಗಲೂ ಇದೇ ಬರುತ್ತದೆ. ನಮೈಗ್ ಅಂತ ಶುರು ಮಾಡಿ, ಹೆಸರು ಹೇಳಿ, ಗೆದೆಗ್ ಅಂತ ಮುಗಿಸುತ್ತಾರೆ. ನನ್ನನ್ನು ಇಂಥವಳು ಅಂತಾರೆ, ಅಷ್ಟೇ.

ಇದಕ್ಕಿಂತ ಮಜಾ ಇರುವುದು ಜೋಡಿ ಕ್ರಿಯಾಪದಗಳಲ್ಲಿ. ಲಾಮಾ ಒಮ್ಮೆ ಊರಿನಿಂದ ಬಂದ ಆರೂಲ್ ತಂದಿದ್ದರು. ಅದು ಒಣಗಿಸಿದ ಮೊಸರಿನ ಗಟ್ಟಿ. ಒಂದು ತುಂಡು ಕೈಗಿಟ್ಟು 'ಇದೆಜ್ ಉಝ್' ಅಂದರು. ಇದೆಜ್ ಅಂದರೆ ತಿಂದು, ಉಝ್ ಅಂದರೆ ನೋಡು. ತಿಂದು ನೋಡು! ನಾವು ಕಣ್ಣಿನಿಂದ ನೋಡುವ ಕ್ರಿಯಾಪದವನ್ನೇ ಹಚ್ಚಿ 'ಪ್ರಯತ್ನಿಸು' ಅನ್ನುವ ಅರ್ಥ ತರುತ್ತೇವಲ್ಲ, ಅವರೂ ಹಾಗೇ. ಮಲಯಾಳಿಗಳು ತಿನ್ನು ನೋಕ್ಕ್ ಅನ್ನುತ್ತಾರೆ, ನೋಕ್ಕುಕ ಅಂದರೆ ನೋಡುವುದು.

ಆಮೇಲೆ ನಾನೇ ಒಂದೊಂದಾಗಿ ಕೇಳುತ್ತಾ ಹೋದೆ. ಹೇಳಿಕೊಡು ಅನ್ನಲು ಏನಂತೀರಿ? ಖೆಲ್ಜ್ ಒಗೋಚ್. ಖೆಲ್ಜ್ ಅಂದರೆ ಹೇಳಿ, ಒಗೊಖ್ ಅಂದರೆ ಕೊಡುವುದು. ಬರೆದುಕೋ ಅನ್ನಲು? ಬಿಚಿಜ್ ಅವ್. ಬಿಚಿಜ್ ಬರೆದು, ಅವಖ್ ತೆಗೆದುಕೊಳ್ಳುವುದು. ನಮಗೋಸ್ಕರ ಮಾಡಿಕೊಳ್ಳುವ ಕೆಲಸಕ್ಕೆ ಕೊಳ್ಳು ಹಚ್ಚುವುದು ಕನ್ನಡದ ಜೀವಾಳ. ಮಲಯಾಳಂನಲ್ಲಿ ಅದು ಎೞುದಿಕ್ಕೋ ಅಂತ ಮೊಟಕಾಗಿ ಉಳಿದಿದೆ, ಆ ಕ್ಕೋ ನಮ್ಮ ಕೊಳ್ಳು ಧಾತುವೇ. ಮಂಗೋಲಿಯನ್ನಿನಲ್ಲಿ ಧಾತು ಬೇರೆ, ಕೆಲಸ ಅದೇ. ಮರೆತುಬಿಡು ಅನ್ನಲು ಮರ್ತಜ್ ಒರ್ಖಿಖ್. ಒರ್ಖಿಖ್ ಅಂದರೆ ಬಿಡುವುದು. ನೋಡು, ಕೊಡು, ಕೊಳ್ಳು, ಬಿಡು, ನಾಲ್ಕಕ್ಕೂ ಜೋಡಿ ಸಿಕ್ಕಿತು. ಇಂಗ್ಲಿಷಿನಲ್ಲಿ ಈ ನಾಲ್ಕನ್ನು ವಿವರಿಸಲು ಒಂದು ಅಧ್ಯಾಯ ಬೇಕು. ಕನ್ನಡದ ಹುಡುಗಿಗೆ ಒಂದು ಸಾಲು ಸಾಕು.

ಕೊಡುವ ವಿಷಯದಲ್ಲಿ ಮಲಯಾಳಂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನನಗೋ ನಿನಗೋ ಕೊಡುವುದಾದರೆ ತರುಕ, ಮೂರನೆಯವರಿಗೆ ಕೊಡುವುದಾದರೆ ಕೊಡುಕ್ಕುಕ. ನನಗೆ ಹೇಳಿಕೊಡು ಅನ್ನಬೇಕಾದರೆ ಪಱಞ್ಞು ತರೂ. ಅವಳಿಗೆ ಹೇಳಿಕೊಡು ಅನ್ನಬೇಕಾದರೆ ಪಱಞ್ಞು ಕೊಡುಕ್ಕೂ. ಕನ್ನಡದಲ್ಲೂ ಮಂಗೋಲಿಯನ್ನಿನಲ್ಲೂ ಈ ಭೇದ ಇಲ್ಲ. ಇದು ಅಭ್ಯಾಸದಿಂದಲೇ ಬರಬೇಕು.

ಇಲ್ಲ ಮತ್ತು ಅಲ್ಲ ವಿಷಯ ಕೇಳಿ. ನೀರಿಲ್ಲ ಬೇರೆ, ಇದು ನೀರಲ್ಲ ಬೇರೆ. ಮಲಯಾಳಂನಲ್ಲಿ ಇವೆರಡು ಪದಗಳೂ ಹಾಗೇ ಇವೆ: ವೆಳ್ಳಂ ಇಲ್ಲ, ಇದ್ ವೆಳ್ಳಂ ಅಲ್ಲ. ಮಂಗೋಲಿಯನ್ನಿನಲ್ಲಿ ಉಸ್ ಬೈಖ್‌ಗುಯ್ ಅಂದರೆ ನೀರಿಲ್ಲ. ಎನ್ ಉಸ್ ಬಿಶ್ ಅಂದರೆ ಇದು ನೀರಲ್ಲ. ಬಿಶ್ ಎಲ್ಲಿ, ಬೈಖ್‌ಗುಯ್ ಎಲ್ಲಿ ಅಂತ ಯಾರೂ ಕಲಿಸಬೇಕಾಗಿಲ್ಲ. ಅಲ್ಲ ಬರುವ ಕಡೆ ಬಿಶ್, ಇಲ್ಲ ಬರುವ ಕಡೆ ಇನ್ನೊಂದು. 'ನಾನು ಟೀಚರ್' ಅನ್ನುವುದೂ ಅಷ್ಟೇ. ಬಿ ಬಗ್ಶ್. ಎರಡೇ ಪದ, ಕೊನೆಗೆ ಏನೂ ಬೇಡ. ಇಲ್ಲಿ ಮಲಯಾಳಂ ಬೇರೆ ದಾರಿ ಹಿಡಿದಿದೆ. ಕೊನೆಗೆ ಆಣ್ ಹಚ್ಚಲೇಬೇಕು: ಞಾನ್ ಟೀಚರ್ ಆಣ್. ಪಕ್ಕದ ಮನೆಯ ಭಾಷೆಗಿಂತ ಸಾವಿರಾರು ಮೈಲಿ ದೂರದ್ದು ನಮಗೆ ಹತ್ತಿರ ನಿಲ್ಲುವ ಜಾಗ ಇದು.

ಕ್ರಿಯಾಪದದ ಕೊನೆಯಲ್ಲಿ ಮಾತ್ರ ಆ ಇಬ್ಬರೂ ಒಂದಾಗಿ ನಮ್ಮನ್ನು ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಬಂದೆ, ಬಂದೆವು, ಬಂದ, ಬಂದಳು, ಬಂದರು, ಬಂದಿತು ಅಂತ ಯಾರು ಬಂದರು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಮಲಯಾಳಂ ಆ ಭಾರವನ್ನು ಇಳಿಸಿಬಿಟ್ಟಿದೆ. ಞಾನ್ ವನ್ನು, ಅವಳ್ ವನ್ನು, ಅವರ್ ವನ್ನು. ಎಲ್ಲದಕ್ಕೂ ವನ್ನು. ಮಂಗೋಲಿಯನ್ನಿನಲ್ಲೂ ಬಿ ಇರ್ಸೆನ್, ಚಿ ಇರ್ಸೆನ್, ತೆರ್ ಇರ್ಸೆನ್, ಬಿದ್ ಇರ್ಸೆನ್. ಮಲಯಾಳಂ ಮೊದಲೇ ಬಂದಿದ್ದರಿಂದ ನನಗೆ ಮಂಗೋಲಿಯನ್ ಕ್ರಿಯಾಪದ ಸಲೀಸಾಗಿ ಬಂತು. ನಾಲಿಗೆಗೆ ಪ್ರತ್ಯಯ ಹುಡುಕುವ ಚಟ ಅಷ್ಟೊತ್ತಿಗೆ ಹೋಗಿತ್ತು.

ನಾಮಪದದ ಒಂದು ಗುಟ್ಟು. ಮಂಗೋಲಿಯನ್ ಪುಸ್ತಕಗಳಲ್ಲಿ 'ಅಡಗಿದ ನಕಾರ' ಅಂತ ಒಂದು ಪಾಠ ಬರುತ್ತದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ. ಮರಕ್ಕೆ ಅವರು ಮೊದ್ ಅನ್ನುತ್ತಾರೆ. ಮರದಲ್ಲಿ ಅನ್ನಲು ಮೊದೊಂದ್. ಮೊದ್ ಅಂತ ಹೇಳುವಾಗ ಇಲ್ಲದ ನಕಾರ ವಿಭಕ್ತಿ ಬಂದಾಗ ಎಲ್ಲಿಂದಲೋ ಎದ್ದು ಬರುತ್ತದೆ. ನಮ್ಮ ಮರವನ್ನೇ ನೋಡಿ. ಮರ, ಆದರೆ ಮರದಲ್ಲಿ. ಆ ದಕಾರ ಎಲ್ಲಿತ್ತು? ಮಲಯಾಳಂನಲ್ಲಿ ಮರಂ, ಆದರೆ ಮರತ್ತಿಲ್. ಮೂರೂ ಭಾಷೆಯಲ್ಲಿ ಮರದ ಒಳಗೊಂದು ಅಕ್ಷರ ಅಡಗಿದೆ ಅಂತ ಲಾಮಾಗೆ ಬರೆದು ತೋರಿಸಿದೆ. ಕನ್ನಡದ ಮರದಲ್ಲಿ, ಮನೆಯಲ್ಲಿ, ಊರಿನಲ್ಲಿ ಅನ್ನುವ ಭೇದ ಅವರಿಗೂ ಅವತ್ತೇ ಬಗೆಹರಿಯಿತು.

ಈಗ ನನಗೆ ಅತಿ ಪ್ರಿಯವಾದ ವಿಷಯ. ಪಕಾರ ಹಕಾರವಾದ ಕತೆ ಮೇಲೆ ಹೇಳಿದೆನಲ್ಲ, ಅದು ಅಲ್ಲಿಗೇ ಮುಗಿಯುವುದಿಲ್ಲ. ಮಂಡ್ಯ, ಚಾಮರಾಜನಗರ ಕಡೆ ಹಳ್ಳಿಯ ಮಾತಿನಲ್ಲಿ ಹಾಲು ಆಲು ಆಗುತ್ತದೆ, ಹತ್ತು ಅತ್ತು ಆಗುತ್ತದೆ. ಅಂದರೆ ಪ ಮೊದಲು ಹ ಆಗಿ, ಆಮೇಲೆ ಹ ಕೂಡ ಉದುರಿದೆ. ಮಂಗೋಲಿಯನ್ನಿನಲ್ಲಿ ಹತ್ತಕ್ಕೆ ಅರವ್ ಅನ್ನುತ್ತಾರೆ. ಆದರೆ 13, 14ನೇ ಶತಮಾನದಲ್ಲಿ ಚೀನೀ ಅಕ್ಷರಗಳಲ್ಲೂ, ಮಂಗೋಲ್ ದೊರೆ ಕುಬ್ಲೈ ಖಾನ್ 1269ರಲ್ಲಿ ಜಾರಿಗೆ ತಂದ ಫಗ್ಸ್‌ಪಾ ಲಿಪಿಯಲ್ಲೂ ಬರೆದ ಮಂಗೋಲಿಯನ್ ನೋಡಿದರೆ ಅದು ಹರ್ಬನ್. ವರ್ಷಕ್ಕೆ ಈಗ ಒನ್, ಆಗ ಹೊನ್. ಕೆಂಪಿಗೆ ಈಗ ಉಲಾನ್, ಆಗ ಹುಲಾನ್. ಚೀನಾದ ಚಿಂಗ್‌ಹಾಯ್ ಕಡೆಯ ಮೊಂಗುವರ್ ಅನ್ನುವ ನೆಂಟ ಭಾಷೆಯಲ್ಲಿ ಅದು ಇವತ್ತೂ ಫುಲಾನ್. ಆ ಹಕಾರ ಅದಕ್ಕೂ ಹಿಂದೆ ಪಕಾರವಾಗಿತ್ತು ಅನ್ನುವುದು ಭಾಷಾತಜ್ಞರ ತೀರ್ಮಾನ. ಪತ್ತ್, ಹತ್ತು, ಅತ್ತು ಅಂತ ಮಲಯಾಳಂನಿಂದ ಚಾಮರಾಜನಗರದವರೆಗೆ ನಾನು ಕಿವಿಯಾರೆ ಕೇಳಿದ್ದ ಮೂರು ಮೆಟ್ಟಿಲು, ಸಂಬಂಧವೇ ಇಲ್ಲದ ಇನ್ನೊಂದು ಭಾಷೆಯಲ್ಲಿ, ಅದೂ ಹತ್ತು ಅನ್ನುವ ಪದದಲ್ಲೇ ಕಾಣಿಸಿತು. ತುಟಿ ಸೇರಿಸಿ ಆಡುವ ಸದ್ದು ಸಡಿಲವಾಗುತ್ತಾ ಹೋದರೆ ಎಲ್ಲ ಕಡೆಯೂ ಹೀಗೇ ಆಗಬಹುದು ಅಲ್ವಾ?

ಉಲಾನ್‌ಬಾತರ್ ಅನ್ನುವ ಊರಿನ ಹೆಸರನ್ನೇ ಬಿಡಿಸಿ ನೋಡಿ. ಉಲಾನ್ ಅಂದರೆ ಕೆಂಪು, ಹಕಾರ ಉದುರಿದ್ದು. ಬಾತರ್ ಅಂದರೆ ವೀರ. 1924ರಲ್ಲಿ ಆ ಹೆಸರಿಟ್ಟರು. ಹಳೆಯ ಲಿಪಿಯಲ್ಲಿ ಬಾತರ್ ಅನ್ನು ಬಗತುರ್ ಅಂತಲೇ ಬರೆಯುತ್ತಾರೆ. ಅದೇ ಬಗತುರ್ ಪಾರಸಿಗೆ ಹೋಗಿ ಬಹಾದುರ್ ಆಗಿ, ನಮ್ಮಲ್ಲಿಗೆ ಬಹಾದ್ದೂರ್ ಆಗಿ ಬಂತು. ರಾವ್ ಬಹಾದ್ದೂರ್ ಅಂತ ಬಿರುದು ಪಡೆದವರು ಹಳೇ ಮೈಸೂರಿನಲ್ಲಿ ಎಷ್ಟು ಜನ! ಆ ಬಿರುದಿನ ಅರ್ಧ ಮಂಗೋಲಿಯಾದ ಹುಲ್ಲುಗಾವಲಿನ ಕಡೆಯಿಂದ ಬಂದದ್ದು.

ಆ ಕಡೆಗೆ ನಮ್ಮಿಂದ ಹೋದದ್ದೂ ಕಮ್ಮಿ ಇಲ್ಲ. ಬೌದ್ಧ ಧರ್ಮದ ಜೊತೆ ಸಂಸ್ಕೃತ ಪದಗಳು ಮಧ್ಯ ಏಷ್ಯಾದ ಸೊಗ್ದಿಯನ್ನರು, ಉಯ್ಘರರು, ಆಮೇಲೆ ಟಿಬೆಟಿಯನ್ನರ ಬಾಯಿ ದಾಟಿ ಅಲ್ಲಿಗೆ ತಲುಪಿವೆ. ಗ್ರಹಗಳ ಹೆಸರು ಕೇಳಿ: ಬುದ್, ಸುಗರ್, ಅಂಗರಗ್, ಬರ್ಖಸ್ಬದಿ, ಸಂಚಿರ್. ಬುಧ, ಶುಕ್ರ, ಅಂಗಾರಕ, ಬೃಹಸ್ಪತಿ, ಶನೈಶ್ಚರ. ಇವತ್ತಿನ ಶಾಲೆಯ ಮಕ್ಕಳು ಖಗೋಳ ಪಾಠದಲ್ಲಿ ಕಲಿಯುವ ಹೆಸರುಗಳೇ ಇವು. ಪದ್ಯಕ್ಕೆ ಶುಲೆಗ್ ಅನ್ನುತ್ತಾರೆ, ಅದು ಶ್ಲೋಕ. ಭೂಖಂಡಕ್ಕೆ ತಿವ್, ಅದು ದ್ವೀಪ. ಖನಿಜ ನೀರಿನ ಬುಗ್ಗೆಗೆ ರಶಾನ್, ಅದು ರಸಾಯನ. ಸಂಸಾರ ಅನ್ನುವ ಪದ ಮೂರು ಕಡೆ ಮೂರಾಗಿದೆ. ನಮಗೆ ಮನೆ, ಹೆಂಡತಿ, ಮಕ್ಕಳು. ಮಲಯಾಳಿಗಳಿಗೆ ಸಂಸಾರಂ ಅಂದರೆ ಮಾತು, ಸಂಸಾರಿಕ್ಕುಕ ಅಂದರೆ ಮಾತಾಡುವುದು. ಮಂಗೋಲಿಯಾದಲ್ಲಿ ಸನ್ಸರ್ ಅಂದರೆ ಅಂತರಿಕ್ಷ, ರಾಕೆಟ್ ಹಾರುವ ಜಾಗ.

ಹೀಗೆ ಹೋಲಿಕೆ ಸಿಗುತ್ತಾ ಹೋದಾಗ ಈ ಭಾಷೆಗಳು ಒಂದೇ ಮನೆತನದವು ಅಂದುಬಿಡುವ ಆಸೆ ಆಗುತ್ತದೆ. ಪಾದ್ರಿಯೂ ಭಾಷಾವಿದ್ವಾಂಸರೂ ಆಗಿದ್ದ ಕಾಲ್ಡ್‌ವೆಲ್‌ಗೂ ಆಗಿತ್ತು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಬರೆದಾಗ ಅವರು ಇವನ್ನು ತುರ್ಕಿ, ಮಂಗೋಲಿಯನ್ ಭಾಷೆಗಳೆಲ್ಲ ಸೇರಿದ 'ಸಿಥಿಯನ್' ಗುಂಪಿನ ಹತ್ತಿರಕ್ಕೆ ತಂದರು. ಇವತ್ತಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಉಳಿದ ಕಟ್ಟಡವೂ ಸಾಮಾನ್ಯವಾಗಿ ಒಂದೇ ಥರ ಏಳುತ್ತದೆ, ಜಪಾನೀ ಭಾಷೆಯಲ್ಲೂ ತುರ್ಕಿಯಲ್ಲೂ ಹಾಗೇ. ನೆಂಟಸ್ತಿಕೆ ಸಾಬೀತಾಗಬೇಕಾದರೆ ಪ ಮತ್ತು ಹ ಥರದ ಸೂತ್ರ ಪದದಿಂದ ಪದಕ್ಕೆ ಹೊಂದಬೇಕು. ಮಲಯಾಳಂ ಜೊತೆ ಅದು ಹೊಂದುತ್ತದೆ. ಮಂಗೋಲಿಯನ್ ಜೊತೆ ಹೊಂದುವುದಿಲ್ಲ. ಮಂಗೋಲಿಯನ್ನಿನಲ್ಲಿ ಮರೆಯುವುದಕ್ಕೆ ಮರ್ತ ಅನ್ನುವುದು ಧಾತು. ನಾವೂ ಆಡುಮಾತಿನಲ್ಲಿ ಮರ್ತೆ ಅನ್ನುತ್ತೇವೆ. ಇದು ಶುದ್ಧ ಕಾಕತಾಳೀಯ. ನೆನಪಿಟ್ಟುಕೊಳ್ಳಲು ಅನುಕೂಲ, ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಮಂಗೋಲಿಯನ್ನಿನಲ್ಲಿ ನಿಜವಾಗಿ ಕಷ್ಟವಾದದ್ದು ಸ್ವರಗಳು. ಹ್ರಸ್ವ, ದೀರ್ಘ ತೊಂದರೆ ಇಲ್ಲ. ತ್ಸಸ್ ಅಂದರೆ ಹಿಮ, ತ್ಸಾಸ್ ಅಂದರೆ ಕಾಗದ. ತೊಸ್ ಎಣ್ಣೆ, ತೋಸ್ ಧೂಳು. ನಮ್ಮ ಕಿವಿಗೆ ಇದು ಸಹಜ. ಆದರೆ ಅವರಿಗೆ ಎರಡು ಉಕಾರ, ಎರಡು ಒಕಾರ. ನೀರಿಗೂ ಉಸ್, ಕೂದಲಿಗೂ ಉಸ್ ಅಂತ ನಾನು ಬರೆದುಕೊಂಡಿದ್ದೆ, ಯಾಕೆಂದರೆ ಕನ್ನಡ ಲಿಪಿಯಲ್ಲಿ ಬೇರೆ ದಾರಿ ಇಲ್ಲ. ನೀರಿನ ಉಕಾರ ಗಂಟಲಿನ ಹಿಂದಿನಿಂದ, ಸಡಿಲವಾಗಿ ಬರುತ್ತದೆ. ಕೂದಲಿನದು ತುಟಿ ಬಿಗಿ ಮಾಡಿ ಹೇಳುವಂಥದ್ದು. ಎರಡನೆಯದಕ್ಕೆ ಅಕ್ಷರದ ಮೇಲೊಂದು ಚುಕ್ಕೆ ಇಡುತ್ತಾ ಹೋದೆ. ಈ ಭೇದ ಬಿಟ್ಟರೆ ಮುಂದೆ ಏನೂ ನಡೆಯುವುದಿಲ್ಲ, ಯಾಕೆಂದರೆ ಪ್ರತ್ಯಯಗಳೆಲ್ಲ ಇದರ ಮೇಲೆ ನಿಂತಿವೆ. ಅವರ ವ್ಯಾಕರಣದಲ್ಲಿ ಗಂಡು ಸ್ವರ, ಹೆಣ್ಣು ಸ್ವರ ಅಂತ ಎರಡು ಪಂಗಡ. ಒಂದು ಪದದೊಳಗೆ ಎರಡೂ ಬೆರೆಯುವಂತಿಲ್ಲ. ನಾವು ಎಲ್ಲದಕ್ಕೂ ಇಂದ ಹಚ್ಚುತ್ತೇವೆ: ಅಣ್ಣನಿಂದ, ಅಕ್ಕನಿಂದ, ಪುಸ್ತಕದಿಂದ. ಅವರು ಅಖಾಸ್, ಎಗ್ಚೇಸ್, ನೊಮೋಸ್ ಅನ್ನುತ್ತಾರೆ. ಪದದಲ್ಲಿ ಯಾವ ಸ್ವರ ಇದೆಯೋ ಪ್ರತ್ಯಯವೂ ಅದೇ ಬಣ್ಣ ತಾಳುತ್ತದೆ. ನಾನು ಪ್ರತ್ಯಯವನ್ನು ಬೇರೆಯಾಗಿ ಕಲಿಯುವುದನ್ನು ಬಿಟ್ಟು, ಪ್ರತಿ ಪದವನ್ನೂ 'ಇಂದ' ಸಮೇತ ಬರೆದುಕೊಳ್ಳಲು ಶುರು ಮಾಡಿದ ಮೇಲೆ ಕಿವಿ ಪಳಗಿತು. ಇನ್ನೊಂದು, ಮಾತಿನಲ್ಲಿ ಅವರು ಮೊದಲ ಸ್ವರ ಬಿಟ್ಟರೆ ಉಳಿದ ಹ್ರಸ್ವಗಳನ್ನು ನುಂಗಿಬಿಡುತ್ತಾರೆ. ಥ್ಯಾಂಕ್ಸ್ ಅನ್ನುವುದಕ್ಕೆ ಬರೆಯುವುದು ಬಯರ್ಲಲಾ, ಕೇಳಿಸುವುದು ಬಾಯ್ರ್ಲಾ.

ಕರೆಯುವ ಪದಗಳಲ್ಲಿ ಮೂರು ಕಡೆಯೂ ಮನೆಯ ಭಾವನೆಯೇ. ಮಂಗಳೂರಿನ ಹುಡುಗಿಯರಿಗೆ ನಾನು ಚೇಚ್ಚಿ. ಲಾಮಾಗೆ ಎಗ್ಚೇ, ಅಂದರೆ ಅಕ್ಕ. ಗುರುತಿಲ್ಲದ ಗಂಡಸರನ್ನೂ ಅವರು ಅಖ್, ಅಣ್ಣ, ಅಂತಲೇ ಕರೆಯುತ್ತಾರೆ. ಚಿಕ್ಕವರಿಗೆ ಮಾತ್ರ ತಮ್ಮ, ತಂಗಿ ಅನ್ನುವ ಭೇದವಿಲ್ಲದೆ ದೂ ಅನ್ನುವ ಒಂದೇ ಪದ. ನೀವು, ನೀನು ಅನ್ನಲು ತಾ, ಚಿ. ಹಿರಿಯರಿಗೆ ತಾ ಬಿಟ್ಟು ಚಿ ಅನ್ನಬಾರದು. ಮಲಯಾಳಂನಲ್ಲಿ ಇನ್ನೂ ಎಚ್ಚರ ಬೇಕು. ನಿಙ್ಙಳ್ ನಮ್ಮ ನೀವಿನಷ್ಟು ಗೌರವದ್ದಲ್ಲ. ಸಾರ್, ಚೇಟ್ಟನ್, ಚೇಚ್ಚಿ ಅಂತ ಕರೆದೇ ಮಾತಾಡುವುದು ಕ್ಷೇಮ. ನಾವು ಅನ್ನುವುದಕ್ಕೂ ಅಲ್ಲಿ ಎರಡು ಪದ. ಎದುರಿನವರನ್ನು ಬಿಟ್ಟು ಹೇಳಿದರೆ ಞಙ್ಙಳ್, ಸೇರಿಸಿಕೊಂಡರೆ ನಮ್ಮಳ್. ತುಳು ಬಲ್ಲವರಿಗೆ ಎಂಕುಲು, ನಮ ಇರುವುದರಿಂದ ಇದು ನೀರು ಕುಡಿದಷ್ಟು ಸುಲಭ. ಹಳೆಯ ಮಂಗೋಲಿಯನ್ನಿನಲ್ಲೂ ಬಾ, ಬಿದಾ ಅಂತ ಇದೇ ಭೇದ ಇತ್ತು, ಈಗ ಬಿದ್ ಒಂದೇ ಉಳಿದಿದೆ.

ಎರಡು ಸಣ್ಣ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಾವು ಕಾಫಿ ಗೀಫಿ, ಪುಸ್ತಕ ಗಿಸ್ತಕ ಅನ್ನುತ್ತೇವೆ. ಅವರು ತ್ಸೈ ಮೈ, ನೊಮ್ ಮೊಮ್ ಅನ್ನುತ್ತಾರೆ. ತ್ಸೈ ಅಂದರೆ ಚಹಾ, ನೊಮ್ ಅಂದರೆ ಪುಸ್ತಕ. ನಮ್ಮ ಗಕಾರದ ಜಾಗದಲ್ಲಿ ಅವರಿಗೆ ಮಕಾರ. ಇನ್ನು ಕಟ್ಟಕಡೆ, ತುತ್ತತುದಿ, ನಟ್ಟನಡು, ಬಟ್ಟಬಯಲು ಅಂತ ಮೊದಲ ಅಕ್ಷರವನ್ನೇ ಮುಂದಕ್ಕೆ ತಂದು ಒತ್ತಿ ಹೇಳುತ್ತೇವಲ್ಲ, ಅವರು ಬಣ್ಣಗಳಿಗೆ ಹಾಗೆ ಮಾಡುತ್ತಾರೆ. ಖರ್ ಕಪ್ಪು, ಖವ್ ಖರ್ ಕಡುಗಪ್ಪು. ತ್ಸಗಾನ್ ಬಿಳಿ, ತ್ಸವ್ ತ್ಸಗಾನ್ ಅಚ್ಚಬಿಳಿ. ಉವ್ ಉಲಾನ್ ಅಂದರೆ ಕೆಂಪೋ ಕೆಂಪು. ಇದನ್ನು ಕೇಳಿದ ದಿನ ನಾನೂ ಲಾಮಾನೂ ಇಡೀ ಹೊತ್ತು ಪದ ಹುಡುಕುತ್ತಾ ಕೂತಿದ್ದೆವು.

ಲಿಪಿಗೆ ಜಾಸ್ತಿ ಹೆದರಬೇಡಿ. ಮಲಯಾಳಂ ಅಕ್ಷರಗಳು ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ 'ಗ್ರಂಥ' ಅನ್ನುವ ಲಿಪಿಯಿಂದ ಬಂದವು, ಆಕಾರ ಬೇರೆ, ಆದರೆ ವರ್ಣಮಾಲೆಯ ಕ್ರಮ ನಮ್ಮದೇ. 1971ರಲ್ಲಿ ಲಿಪಿ ಸುಧಾರಣೆ ಮಾಡಿ ಉ, ಊ ಗುಣಿತಗಳನ್ನು ಅಕ್ಷರದಿಂದ ಬಿಡಿಸಿದರು. ಹಾಗಾಗಿ ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಓದಿ ಅಭ್ಯಾಸ ಮಾಡಿಕೊಳ್ಳಿ. ಮಂಗೋಲಿಯಾದಲ್ಲಿ 1940ರ ದಶಕದಿಂದ ನಡೆಯುತ್ತಿರುವುದು ರಷ್ಯನ್ ಅಕ್ಷರಗಳು. ಅವರ ಹೆಚ್ಚುವರಿ ಸ್ವರಗಳಿಗಾಗಿ ಎರಡು ಅಕ್ಷರ ಸೇರಿಸಿ ಒಟ್ಟು 35. ಅದರ ಜೊತೆಗೆ ಮೇಲಿನಿಂದ ಕೆಳಗೆ ಬರೆಯುವ ಹಳೆಯ ಲಿಪಿ ಇದೆ. ಒಳ ಮಂಗೋಲಿಯಾದಲ್ಲಿ ಅದು ಬಳಕೆ ತಪ್ಪಿಯೇ ಇಲ್ಲ. ಮಂಗೋಲಿಯಾದಲ್ಲೂ 2025ರಿಂದ ಸರ್ಕಾರಿ ಕಾಗದಗಳಲ್ಲಿ ಎರಡೂ ಲಿಪಿ ಇರಬೇಕು ಅನ್ನುವ ಕಾನೂನು ಇದೆ. ಮೊದಲು ರಷ್ಯನ್ ಅಕ್ಷರ ಕಲಿತು, ಮಾತು ಬಂದ ಮೇಲೆ ಹಳೆಯದಕ್ಕೆ ಕೈ ಹಾಕುವುದು ಒಳ್ಳೆಯದು.

ಎರಡನ್ನೂ ಕಲಿಯುವ ಮನಸ್ಸಿದ್ದರೆ ಮಲಯಾಳಂನಿಂದ ಶುರು ಮಾಡಿ. ಮಾತಾಡಲು ಜನ ಎಲ್ಲ ಊರಲ್ಲೂ ಸಿಗುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಮೇಲೆ ಕನ್ನಡ ವಾಕ್ಯ ಬರೆದು, ಕೆಳಗೆ ಎರಡು ಸಾಲು ಖಾಲಿ ಬಿಡಿ. ಬರೆಯುವ ಕನ್ನಡ ಬೇಡ, ಮನೆಯಲ್ಲಿ ಆಡುವಂಥದ್ದೇ ಇರಲಿ. ತಿಂದು ನೋಡು, ಬರೆದುಕೋ, ಹೇಳಿಕೊಡು, ಬರ್ತೀನಿ ಅಂದ, ಅದಲ್ಲ, ಇಲ್ಲಿಲ್ಲ ಇಂಥವು. ಮಲಯಾಳಂ ಸಾಲನ್ನು ಕೇಳಿ ಬರೆಯಿರಿ, ೞ ಮತ್ತು ಱ ಬಳಸಿ. ಮಂಗೋಲಿಯನ್ ಸಾಲು ಬರುವ ಹೊತ್ತಿಗೆ ಆ ವಾಕ್ಯಗಳ ಹಂದರ ತಲೆಯಲ್ಲಿ ಗಟ್ಟಿಯಾಗಿರುತ್ತದೆ, ಹೊಸ ಪದ ಕೂರಿಸುವುದಷ್ಟೇ ಕೆಲಸ. ಕ್ರಿಯಾಪದಗಳು ಮಲಯಾಳಂ ನಿಘಂಟಿನಲ್ಲಿ ಉಕ ಸೇರಿಸಿಕೊಂಡು ಇರುತ್ತವೆ, ಮಂಗೋಲಿಯನ್ ನಿಘಂಟಿನಲ್ಲಿ ಕೊನೆಗೆ ಖ್ ಸೇರಿಸಿಕೊಂಡು. ಅವನ್ನು ತೆಗೆದರೆ ಧಾತು ಸಿಗುತ್ತದೆ. ಮಂಗೋಲಿಯನ್ ನಾಮಪದದ ಪಕ್ಕ ಆವರಣದಲ್ಲಿ ನಕಾರ ಕಂಡರೆ ಅದನ್ನೂ ಬರೆದುಕೊಳ್ಳಿ, ಅದೇ ಅಡಗಿದ ನಕಾರ.